ಆರು ಕಿಲೋ ತಾಮ್ರದ ಮದುವೆ

ಠಣ್.

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಓಣಿಗೆ ಬೆಳಗಾಗುವುದು ಈ ಸದ್ದಿನಿಂದ. ಮಸೀದಿಯ ಬಾಂಗ್ ಮುಗಿದಿರುತ್ತದೆ, ಹಾಲಿನವನ ಸೈಕಲ್ ಇನ್ನೂ ಬಂದಿರುವುದಿಲ್ಲ. ಆ ತೆಳ್ಳಗಿನ ಹೊತ್ತಿನಲ್ಲಿ ಬಂದೇನವಾಜ್ ತನ್ನ ಕುಲುಮೆಯ ಬಾಗಿಲು ತೆಗೆದು, ಒಳಗೆ ತೂಗುಹಾಕಿದ ಗಂಟೆಗೆ ಮರದ ಕೊಡತಿಯಿಂದ ಒಂದೇ ಏಟು ಹೊಡೆಯುತ್ತಾನೆ. ಅದು ಅವನ ಅಪ್ಪ ಎರೆದ ಗಂಟೆ. ಸದ್ದು ಗೋಡೆಯಿಂದ ಗೋಡೆಗೆ ಹಾಯ್ದು, ಒಣಗಲು ಹಾಕಿದ ಬಟ್ಟೆಗಳನ್ನು ಸವರಿ, ನೀರಿಗೆ ಬಿಟ್ಟ ಸಕ್ಕರೆಯ ಹಾಗೆ ಕರಗುತ್ತದೆ. ಮೊದಲಿನಿಂದಲೂ ಬಂದೇನವಾಜ್ ಕಣ್ಣು ಮುಚ್ಚಿಕೊಂಡು ಅದು ಪೂರ್ತಿ ಕರಗುವವರೆಗೆ ನಿಲ್ಲುತ್ತಿದ್ದ. ಈಗಲೂ ನಿಲ್ಲುತ್ತಾನೆ. ಆದರೆ ಈಗೀಗ ಸದ್ದು ಮುಗಿದು, ಹಾಲಿನವನು ಬಂದು, ಹಾಲು ಕೊಟ್ಟು ಹೋದ ಮೇಲೂ ನಿಂತೇ ಇರುತ್ತಾನೆ.

ಅವನಿಗೆ ಅರವತ್ತೊಂದು ವರ್ಷ. ರಾಯಚೂರು, ಮಾನ್ವಿ, ದೇವದುರ್ಗದ ಎತ್ತುಗಳು ಅವನ ಗಂಟೆ ಕಟ್ಟಿಕೊಂಡು ನಡೆದಿವೆ. ಅಲ್ಲಿನ ದೇವರುಗಳು ಅವನ ಗಂಟೆಗೆ ಎಚ್ಚರಾಗಿದ್ದಾರೆ. ಎತ್ತುಗಳು ಕಡಿಮೆಯಾದ ಮೇಲೆ ದೇವರುಗಳೇ ಗತಿ. "ದೇವ್ರು ಟ್ರ್ಯಾಕ್ಟರ್ ಆಗೂ ತನಕ ನಮಗ ಅನ್ನ ಅದ," ಎನ್ನುವುದು ಅವನ ಮಾತು.

ಗಂಟೆಗೆ ಬೇಕಾದದ್ದು ಕಂಚು. ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಕೂಡಿದರೆ ಗಂಟೆ ಹಾಡುತ್ತದೆ. ತವರ ಕಡಿಮೆಯಾದರೆ ಮಂಕು. ಹೆಚ್ಚಾದರೆ ಸಿಡುಕಿನ ಮನುಷ್ಯನ ಹಾಗೆ, ಒಂದೇಟಿಗೆ ಬಿರುಕು. ಇಷ್ಟು ಓಣಿಯ ಮಕ್ಕಳಿಗೂ ಗೊತ್ತು. ಆದರೆ ಕುಲುಮೆಗೆ ಬರುವುದು ಗುಜರಿ ಲೋಹ. ಮುರಿದ ನಲ್ಲಿ, ಸೊಟ್ಟ ದೀಪ, ಹಿಡಿಕೆ ಹೋದ ಬೋಗುಣಿ; ಯಾವುದರಲ್ಲಿ ಏನು ಬೆರೆತಿದೆ ಎಂದು ಮಾರಿದವನಿಗೂ ಗೊತ್ತಿರುವುದಿಲ್ಲ. ಬಂದೇನವಾಜ್ ಎಲ್ಲವನ್ನೂ ಮಣ್ಣಿನ ಮೂಸೆಯಲ್ಲಿ ಕರಗಿಸಿ, ಸೌಟಿನಷ್ಟನ್ನು ಮರಳಿನ ಕುಳಿಗೆ ಸುರಿದು, ಆರಿದ ಬಿಲ್ಲೆಯನ್ನು ದಾರಕ್ಕೆ ಕಟ್ಟಿ ಹೊಡೆದು ಕೇಳುತ್ತಿದ್ದ. "ಇನ್ನೊಂದು ಮುಷ್ಟಿ ತವರ," ಎಂದರೆ ಒಂದು ಮುಷ್ಟಿಯೇ. ನಲವತ್ತು ವರ್ಷ ತಪ್ಪಲಿಲ್ಲ.

ಎರಡು ವರ್ಷದ ಹಿಂದೆ ಕಿವಿ ಕೈಕೊಟ್ಟಿತು. ಪೂರ್ತಿ ಅಲ್ಲ. ಎದುರಿಗೆ ನಿಂತು ಗಟ್ಟಿಯಾಗಿ ಆಡಿದ ಮಾತು ಅರ್ಧ ಕಿವಿಗೆ, ಅರ್ಧ ಕಣ್ಣಿಗೆ ತಿಳಿಯುತ್ತದೆ. ಹೋದದ್ದು ಸಣ್ಣ ದನಿಗಳು: ಗುಬ್ಬಿ, ಬಳೆ, ಗಂಟೆಯ ಏಟಿನ ನಂತರ ಉಳಿಯುವ ಎಳೆ. ಏಟು ಕೈಗೆ ಗೊತ್ತಾಗುತ್ತದೆ, ಹಾಡು ಗೊತ್ತಾಗುವುದಿಲ್ಲ. ಗಂಟೆ ಎರೆಯುವವನಿಗೆ ಇದು ಹೇಳಿಕೊಳ್ಳುವ ರೋಗವಲ್ಲ. ಅವನು ಯಾರಿಗೂ ಹೇಳಲಿಲ್ಲ. ಬದಲಿಗೆ ಒಂದು ಉಪಾಯ ರೂಢಿಸಿಕೊಂಡ. ಮಾತು ಶುರುಮಾಡುವವನು ತಾನೇ ಆಗುತ್ತಿದ್ದ. ಎದುರಿನವರು ಉತ್ತರಕ್ಕೆ ಬಾಯಿ ತೆಗೆಯುವ ಮೊದಲೇ, ಮಾತಿನ ಮಧ್ಯದಲ್ಲಿಯೇ, ಎದ್ದು ನಡೆದುಬಿಡುತ್ತಿದ್ದ. ಓಣಿಯವರು ಇದನ್ನು ವಯಸ್ಸಿನ ಠೀವಿ ಎಂದುಕೊಂಡರು.

ಹೆಂಡತಿ ಬಿಸ್ಮಿಲ್ಲಾ ಬೀ ಹಾಗೆ ಅಂದುಕೊಳ್ಳಲಿಲ್ಲ. ಅವರ ಮನೆಯ ಮಾತು ದಖ್ಖನಿ ಉರ್ದು. ಆದರೆ ಬೈಯಲು ಅವಳಿಗೆ ಕನ್ನಡವೇ ಬೇಕು. ದಖ್ಖನಿಯಲ್ಲಿ ಬೈದರೆ ಖಾರ ಸಾಲುವುದಿಲ್ಲ ಎಂಬುದು ಅವಳ ಅನುಭವ. ಮಾನ್ವಿಯವರು ಮಾಡಿಸಿದ ಒಂದು ಗಂಟೆ ಒದ್ದೆ ಚೀಲಕ್ಕೆ ಬಡಿದಂತೆ ಕೂಗಿದ ದಿನ ಅವಳು ಗಂಡನ ಎದುರಿಗೆ ಬಂದು ನಿಂತಳು.

"ಕಿವಿ ಹೋಗ್ಯಾವ ಹೌದಿಲ್ಲೊ?"

"ಯಾರ ಕಿವಿ?"

"ನಮ್ಮಪ್ಪಂದು! ಸತ್ತು ಇಪ್ಪತ್ತು ವರ್ಷ ಆತು, ಅವಂಗ ಯಾತರ ಕಿವಿ?"

ಅಂದಿನಿಂದ ಅವಳೇ ಅವನ ಕಿವಿ. ಅವನು ಬಿಲ್ಲೆಗೆ ಹೊಡೆದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತಿದ್ದಳು. ಮುಷ್ಟಿ ಎಂದರೆ ಮಂಕು. ಮೂರು ಬೆರಳೆಂದರೆ ಇನ್ನು ಸ್ವಲ್ಪವೇ ತವರ ಬೇಕು. ಐದಾದರೆ ಎರಿ. ಈ ಏರ್ಪಾಟು ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಅವನು ದೇವದುರ್ಗದವರ ಗಂಟೆಗಾಗಿ ಬಿಲ್ಲೆ ಹೊಡೆದು ತಿರುಗಿ ನೋಡಿದ. ಬಿಸ್ಮಿಲ್ಲಾ ಬೀ ಐದು ಬೆರಳು ಎತ್ತಿ ನಿಂತಿದ್ದಳು. ಅವನು ಎರೆದ. ಆದರೆ ಅವಳು ಬೆರಳು ತೋರಿಸಿದ್ದು ಅವನ ಹಿಂದೆ ಬೀದಿಯಲ್ಲಿ ಬುಟ್ಟಿ ಇಳಿಸಿದ್ದ ಸೊಪ್ಪು ಮಾರುವ ಗೋಪಮ್ಮನಿಗೆ: ಐದು ಕಟ್ಟು ಮೆಂತ್ಯ.

ಆ ಗಂಟೆ ಎರಡೇ ವಾರದಲ್ಲಿ ವಾಪಸ್ ಬಂತು. ಕರಗಿಸಿ ಮತ್ತೆ ಎರೆಯಬಹುದಿತ್ತು. ಬಂದೇನವಾಜ್ ಅದರ ಮುಖ ನೋಡಲು ಒಪ್ಪಲಿಲ್ಲ. ಈಗ ಅದು ಗೋಪಮ್ಮನ ಮನೆಮುಂದೆ ಬಾಯಿ ಮೇಲೆ ಮಾಡಿ ಕೂತಿದೆ, ಕೋಳಿಗಳು ಅದರಲ್ಲಿ ನೀರು ಕುಡಿಯುತ್ತವೆ.

ಅವನ ಅಣ್ಣನ ಮಗ ಹಫೀಜ್‌ನಿಗೆ ಮುಖ್ಯರಸ್ತೆಯಲ್ಲಿ ಅಂಗಡಿ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ಗಂಟೆ ತರಿಸಿ ಮಾರುತ್ತಾನೆ. ಕೆಟ್ಟವನಲ್ಲ. ಸರಕು ಇಡಲು ಜಾಗ ಸಾಲದ ಮನುಷ್ಯ, ಅಷ್ಟೇ. ವಾಪಸ್ ಬಂದ ಗಂಟೆಯನ್ನು ಚಹಾದಂಗಡಿಯ ಮುಂದೆ ಬೆರಳಿನಿಂದ ಟಕ್ ಎನಿಸಿ ಅವನು ಹೇಳಿದ: "ಚಾಚಾ, ಸಾಕು. ಕುಲುಮಿ ಮುಚ್ಚು. ಗೋದಾಮು ಮಾಡೋಣು. ನೀ ಬಾಗ್ಲಾಗ ಕುರ್ಚಿ ಹಾಕ್ಕೊಂಡು ಕುಂದ್ರು."

"ಮೂರನೇದೂ ಹಿಂಗಾದ್ರ ಕೀಲಿ ನಿನ್ನ ಕೈಯಾಗ," ಎಂದ ಬಂದೇನವಾಜ್.

ಅರ್ಧ ಓಣಿ ಅದನ್ನು ಕೇಳಿತು. ಅವನು ಎದ್ದು ನಡೆದ. ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಇತರರ ಗಂಟೆ ಕಾಯುವುದು ಎಂದರೇನೆಂದು ಅವನಿಗೆ ಗೊತ್ತಿತ್ತು.

ಮೂರನೆಯ ಗಂಟೆಯ ಕೆಲಸ ತಂದವಳು ಉಮಾದೇವಿ. ದೇವದುರ್ಗದ ಕಡೆ ಗೂಗಲ್ ಎಂಬ ಹಳ್ಳಿಯ ಆಚೆ, ಹೊಳೆಯ ದಂಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಅವಳ ತಾಯಿ ಮಾರೆಮ್ಮ ಇವತ್ತಿಗೂ ಹತ್ತಿ ಬಿಡಿಸಲು ಹೋಗುತ್ತಾಳೆ. ಎಕ್ಸ್ ಎಷ್ಟೆಂದು ತನಗೆ ಗೊತ್ತಿಲ್ಲ ಎಂದು ದಿನಾ ಹಲಗೆಯ ಮೇಲೆ ಬರೆಯುವ ಮಗಳಿಗೆ ಸರ್ಕಾರ ಯಾಕೆ ಸಂಬಳ ಕೊಡುತ್ತದೆ ಎಂಬುದು ಮಾರೆಮ್ಮ ಇನ್ನೂ ಬಿಡಿಸದ ಲೆಕ್ಕ.

ಆ ಶಾಲೆಗೆ ಗಂಟೆಯೆಂದು ಒಂದು ರೈಲು ಕಂಬಿಯ ತುಂಡು ಇತ್ತು. ಯಾರೋ ಕದ್ದರು. ಆಮೇಲೆ ಕರೆಂಟಿನ ಗಂಟೆ ಹಾಕಿಸಿದರು. ಅದು ಕರೆಂಟು ಬಂದಾಗ ಬಡಿಯುತ್ತದೆ. ಮಕ್ಕಳಿಗೆ ಹನ್ನೊಂದಕ್ಕೆ ಊಟ, ಮೂರಕ್ಕೆ ಪ್ರಾರ್ಥನೆ. ಕೊನೆಗೆ ಊರವರು ಮನೆಗೊಂದು ಹಳೆಯ ಕಂಚಿನ ಗಂಗಾಳ ಕೊಟ್ಟು ಊರಿನ ಲೋಹದ್ದೇ ಗಂಟೆ ಮಾಡಿಸುವುದೆಂದು ತೀರ್ಮಾನಿಸಿದರು. ಗಂಗಾಳವೆಂದರೆ ದೊಡ್ಡ ಊಟದ ತಟ್ಟೆ. ಆದರೆ ಅಳಿಯ ಬಂದರೆ ಗಂಗಾಳದಲ್ಲಿಯೇ ಬಡಿಸಬೇಕು, ಸ್ಟೀಲಿನಲ್ಲಿ ಬಡಿಸಿದರೆ ಮಗಳು ವರ್ಷವಿಡೀ ಮಾತು ಕೇಳಬೇಕು. ಹಾಗಾಗಿ ಹೆಣ್ಣುಮಕ್ಕಳಿದ್ದ ಮನೆಗಳವರು ಗಂಗಾಳ ಒಳಗಿಟ್ಟು ತಾಮ್ರದ ಕೊಡ, ತಂಬಿಗೆ ತಂದು ಹಾಕಿದರು. ಕಡಿಮೆಯದನ್ನು ಕೊಟ್ಟೆವೆಂದಲ್ಲ. ತಾಮ್ರ ದೇವರ ಲೋಹ, ಕಂಚಿಗಿಂತ ಮೇಲು, ಗಂಟೆ ಇನ್ನೂ ಚೆಂದ ಬರುತ್ತದೆ ಎಂದು.

ಎರಡು ಗೋಣಿಚೀಲಗಳನ್ನು ದೇವದುರ್ಗದ ಮೇಲಿಂದ ಬರುವ ಬಸ್ಸಿಗೆ ಹಾಕಿಕೊಂಡು, ಕಂಡಕ್ಟರನ ಜೊತೆ ಲಗೇಜಿನ ಬಗ್ಗೆ ಗಬ್ಬೂರಿನವರೆಗೆ ಜಗಳಾಡುತ್ತ ಉಮಾದೇವಿ ಬಂದಳು. ಬಂದೇನವಾಜ್ ಚೀಲ ಸುರುವಿ, ಒಂದು ಗಂಗಾಳ ಎತ್ತಿ ಬೆನ್ನು ತಿರುಗಿಸಿ ನೋಡಿದ. ಅಂಚಿನ ಹಿಂದೆ ಮೂರು ಚುಕ್ಕಿ. ಇನ್ನೊಂದು ಎತ್ತಿದ. ಮೂರು ಚುಕ್ಕಿ.

"ಇವು ನಮ್ಮಪ್ಪನ ಗಂಗಾಳ," ಎಂದ. "ನಬೀಸಾಬ್ ಮಾಡಿದ್ದು. ಅವಾಗ ಹೊಳೀ ದಂಡಿ ಊರಿಗೆಲ್ಲಾ ಕತ್ತಿ ಬೆನ್ನ ಮ್ಯಾಲ ಹೇರ್ಕೊಂಡು ಹೋಗ್ತಿದ್ದ."

"ಇದ್ರಾಗ ತವರ ಎಷ್ಟು ಪರ್ಸೆಂಟ್ ಇರ್ತದ್ರಿ?" ಉಮಾದೇವಿ ಎದುರಿಗೆ ಬಂದು ಕೇಳಿದಳು.

"ಐದರಾಗ ಒಂದು. ನಮ್ಮಪ್ಪಗ ಬ್ಯಾರೆ ಲೆಕ್ಕ ಬರ್ತಿದ್ದಿಲ್ಲ. ಮಕ್ಕಳೂ ಐದು, ಸಾಲಿಗೆ ಕಳಿಸಿದ್ದು ಒಂದನ್ನ. ಅದು ನಾನಲ್ಲ."

ತೂಕ ಮಾಡಿದರು. ಗಂಗಾಳ ಹದಿನೆಂಟು ಕಿಲೋ, ತಾಮ್ರ ಆರು ಕಿಲೋ. ಉಮಾದೇವಿಯ ಮುಖ ಬೆಳಗಿತು. ಒಂಬತ್ತು ವರ್ಷದಿಂದ ಅವಳು ಹಲಗೆಯ ಮೇಲೆ ಇದನ್ನೇ ಬರೆಯುತ್ತಿದ್ದಳು: ಒಂದು ಮಿಶ್ರಲೋಹದಲ್ಲಿ ಶೇಕಡಾ ಇಷ್ಟು ತವರವಿದೆ, ಇನ್ನೆಷ್ಟು ಸೇರಿಸಿದರೆ ಶೇಕಡಾ ಅಷ್ಟಾಗುತ್ತದೆ? ಪ್ರತಿವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಕೇಳುತ್ತಿದ್ದರು, "ಯಾವನ್ರಿ ಮಿಸ್ ಇವ, ಕೆಲ್ಸ ಇಲ್ಲದವ?" ಕೆಲಸವಿದ್ದವನು ಈಗ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಪರ್ಸಿನಿಂದ ಪೆನ್ನು ತೆಗೆದು, ಬಸ್ ಟಿಕೆಟಿಗಿಂತ ಸ್ವಲ್ಪ ದೊಡ್ಡದಾದ ಕಾಗದದ ಮೇಲೆ ನಿಂತಲ್ಲಿಯೇ ಬರೆದಳು.

"ಗಂಗಾಳದಾಗ ಇಪ್ಪತ್ತು ಪರ್ಸೆಂಟ್. ಹದಿನೆಂಟು ಕಿಲೋಕ್ಕ ಮೂರು ಕಿಲೋ ಆರುನೂರು ಗ್ರಾಂ ತವರ. ತಾಮ್ರದಾಗ ಸೊನ್ನಿ. ಎರಡೂ ಕೂಡಿದ್ರ ಇಪ್ಪತ್ನಾಲ್ಕು ಕಿಲೋ, ಅದ್ರಾಗ ತವರ ಹದಿನೈದು ಪರ್ಸೆಂಟ್ ಆತು. ನಮಗ ಇಪ್ಪತ್ತು ಬೇಕು. ಐದು ಕಮ್ಮಿ. ಇಪ್ಪತ್ನಾಲ್ಕು ಕಿಲೋದಾಗ ಐದು ಪರ್ಸೆಂಟ್ ಅಂದ್ರ ಒಂದು ಕಿಲೋ ಇನ್ನೂರು ಗ್ರಾಂ. ಅಷ್ಟು ತವರ ಹಾಕ್ರಿ, ಮುಗೀತು."

ಕೊನೆಯ ಅಂಕಿಯ ಕೆಳಗೆ ಎರಡು ಗೆರೆ ಎಳೆದಳು. ನಾಲ್ಕೂವರೆಯ ಬಸ್ಸಿಗೆ ಓಡಿದಳು. ಬಂದೇನವಾಜ್ ಆ ಕಾಗದವನ್ನು ಹಣೆಗೆ ಒತ್ತಿಕೊಳ್ಳುವುದೊಂದೇ ಬಾಕಿ. ಬರೆದ ಲೆಕ್ಕಕ್ಕೆ ಅವನು ಜೀವನವಿಡೀ ಹೆದರಿದವನು. ಹೇಗೂ ಕೊನೆಯಲ್ಲಿ ಬೆರಳುಗಳಿವೆಯಲ್ಲ ಎಂಬ ಧೈರ್ಯ ಬೇರೆ. ಮರುದಿನ ಪೇಟೆಗೆ ಹೋಗಿ ಒಂದು ಕಿಲೋ ಇನ್ನೂರು ಗ್ರಾಂ ತವರ ತಂದಿಟ್ಟ.

ಹತ್ತು ದಿನ ಮಣ್ಣಿನ ಅಚ್ಚು ಮಾಡಿದ. ಒಣಗಿಸಿದ. ಭಾನುವಾರ ಎರೆಯುವುದೆಂದು ಉಮಾದೇವಿಗೆ ಫೋನು ಮಾಡಿಸಿದ. ಶನಿವಾರ ಸಂಜೆ ಮಾನ್ವಿಯಿಂದ ಸುದ್ದಿ ಬಂತು, ಮಗಳು ಮಿನಾಜ್‌ಗೆ ನೋವು ಶುರುವಾಗಿದೆ ಎಂದು. ಬಿಸ್ಮಿಲ್ಲಾ ಬೀ ಬುರ್ಖಾದ ಗುಂಡಿ ಹಾಕುತ್ತಲೇ ಗಂಡನ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಾ ಬರೂ ತನಕ ಎರೀಬ್ಯಾಡ. ತಿಳೀತಿಲ್ಲೊ?"

"ಹೌ ಹೌ."

"ಹೌ ಅಲ್ಲ. ಬಾಯಿಲೆ ಹೇಳು."

"ಎರಿಯಂಗಿಲ್ಲ."

ಆದರೆ ಭಾನುವಾರ ಬೆಳಿಗ್ಗೆ ಎಂಟಕ್ಕೇ ಉಮಾದೇವಿ ಬಂದು ಕೂತಿದ್ದಳು. ಅಚ್ಚನ್ನು ಆಗಲೇ ಬಿಸಿಗೆ ಇಟ್ಟಾಗಿತ್ತು. ಒಮ್ಮೆ ಕಾದ ಅಚ್ಚನ್ನು ಆರಗೊಟ್ಟರೆ ಸೀಳುತ್ತದೆ. ಒಂಬತ್ತಕ್ಕೆ ಹಫೀಜ್‌ನೂ ಇಸ್ತ್ರಿ ಅಂಗಿ ತೊಟ್ಟು ಬಂದ, ಮದುವೆಗೆ ಬಂದವನ ಹಾಗೆ. ನನ್ನ ಕಿವಿ ಮಾನ್ವಿಗೆ ಹೋಗಿದೆ, ಬರಲಿ ತಡೆಯಿರಿ ಎಂದು ಹೇಳುವುದು ಹೇಗೆ? ಬಂದೇನವಾಜ್ ಬ್ಲೋವರಿನ ಸ್ವಿಚ್ ಹಾಕಿದ.

ಮೂಸೆಯಲ್ಲಿ ಊರಿನ ಗಂಗಾಳಗಳು ಒಂದೊಂದಾಗಿ ಅಂಚು ಕಳೆದುಕೊಂಡವು. ಎಷ್ಟೋ ಊಟಗಳು, ಎಷ್ಟೋ ಅಳಿಯಂದಿರ ಮುನಿಸುಗಳು ಕೆಂಪು ನೀರಾದವು. ತಾಮ್ರ ಕರಗಲು ತಡಮಾಡಿತು. ಬೆಂಕಿಯ ಮೇಲಿನ ಗಾಳಿ ನಡುಗಿ, ಅದರ ಆಚೆ ನಿಂತ ಹಫೀಜ್‌ನೂ ಅವನ ಇಸ್ತ್ರಿಯೂ ಅಲೆ ಅಲೆಯಾಗಿ ಕಾಣುತ್ತಿದ್ದವು. ಬಂದೇನವಾಜ್ ಕಾಗದದಲ್ಲಿದ್ದಷ್ಟು ತವರ ಹಾಕಿ, ಕಲಕಿ, ಮರಳಿನಲ್ಲಿ ಬಿಲ್ಲೆ ಎರೆದ. ಆರಿದ ಮೇಲೆ ದಾರ ಕಟ್ಟಿ ಹೊಡೆದ.

ಕೈಗೆ ಏಟು ಬಂತು. ಅಷ್ಟೇ.

ಅಭ್ಯಾಸಬಲದಿಂದ ಅಡುಗೆಮನೆಯ ಬಾಗಿಲ ಕಡೆ ತಿರುಗಿದ. ಬಾಗಿಲಲ್ಲಿ ಒಂದು ಬೆಕ್ಕು ಕೂತಿತ್ತು. ಅದು ಯಾವ ಬೆರಳನ್ನೂ ತೋರಿಸಲಿಲ್ಲ.

"ಹೆಂಗದ ಚಾಚಾ?" ಹಫೀಜ್ ಎದುರಿಗೆ ಬಂದು ಕೇಳಿದ.

"ನಿನಗ ಹೆಂಗ ಅನಸ್ತು?"

"ಚಲೋನ ಅದ. ಎರಿ."

ಬಂದೇನವಾಜ್ ಅವನ ಮುಖ ನೋಡಿದ. ಅದು ಮಾರಾಟಗಾರನ ಮುಖ. ಗಿರಾಕಿಗೆ ಎಲ್ಲಾ ಗಂಟೆಗಳನ್ನೂ ಚಲೋ ಅದ ಎಂದು ಹೇಳಿ ಹೇಳಿ ಸವೆದದ್ದು. ಸುಳ್ಳೋ ನಿಜವೋ ಹಫೀಜ್‌ನಿಗೂ ಗೊತ್ತಿರಲಿಕ್ಕಿಲ್ಲ. ಉಮಾದೇವಿ ತಲೆಯಾಡಿಸಿದಳು. ಅವಳು ಕೇಳಿದ ದೊಡ್ಡ ಗಂಟೆಯೆಂದರೆ ರೈಲು ಕಂಬಿಯದು. ಅವನು ಬಿಲ್ಲೆಯನ್ನು ಕೈಯಲ್ಲಿ ಹೊರಳಿಸಿ ನೋಡಿದ. ಕಿವಿ ಇಲ್ಲ, ಬೆರಳಿಲ್ಲ. ಉಳಿದದ್ದು ಏನು? ಮೂರು ಚುಕ್ಕಿಗಳು. ಅಪ್ಪನ ಐದರಲ್ಲಿ ಒಂದು.

ಅವನ ತುಟಿಗಳು ಅಲುಗಿದವು. ಬೆರಳು ಮಡಚಿದ, ಬಿಚ್ಚಿದ. ಆಮೇಲೆ ಅಡುಗೆಮನೆಗೆ ನುಗ್ಗಿದ. ಬೆಕ್ಕು ಓಡಿತು. ಅಕ್ಕಿಯ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ತೂರಿಸಿ ಒಂದು ತವರದ ಕಡ್ಡಿ ಹೊರತೆಗೆದ. ಮನೆಯ ಪಾತ್ರೆಗಳಿಗೆ ಕಲಾಯಿ ಹಾಕಿಸಲೆಂದು ಬಿಸ್ಮಿಲ್ಲಾ ಬೀ ಮೂರು ವರ್ಷದಿಂದ ಗಂಡನಿಗೆ ತಿಳಿಯದಂತೆ ಮುಚ್ಚಿಟ್ಟ ಕಡ್ಡಿ ಅದು. ಅವನಿಗೆ ಮೂರು ವರ್ಷದಿಂದ ಗೊತ್ತಿತ್ತು. ತೂಗಿದ. ಮುನ್ನೂರ ಹನ್ನೆರಡು ಗ್ರಾಂ.

"ಚಾಚಿ ನಿನ್ನ ಜೀವ ತಗೀತಾಳ," ಎಂದ ಹಫೀಜ್.

"ಮುನ್ನೂರು ಗಂಟಿಗೆ, ಹನ್ನೆರಡು ಬೆಂಕಿಗೆ," ಎಂದು ಬಂದೇನವಾಜ್ ಕಡ್ಡಿಯನ್ನು ಮೂಸೆಗೆ ಹಾಕಲು ಹೊರಟ.

ಉಮಾದೇವಿ ಅಡ್ಡ ಬಂದಳು. "ಯಾಕ್ರೀ? ನಾ ಲೆಕ್ಕ ಮಾಡಿ ಕೊಟ್ಟೀನಲ್ಲ? ಒಂದೂ ಇನ್ನೂರು. ನೀವು ಈಗ ಒಂದೂವರಿ ಮಾಡಾಕತ್ತೀರಿ."

"ಮೇಡಂ, ಇಲ್ಲಿ ಕುಂದರ್ರಿ. ಗಂಗಾಳ ಅದಾವಲ್ಲ, ಅವು ಮದಿವಿ ಆದವು. ನಮ್ಮಪ್ಪನ ಮಾಡಿ ಕಳಿಸ್ಯಾನ. ನಾಲ್ಕು ತಾಮ್ರಕ್ಕೊಂದು ತವರ ಆಗಲೇ ಗಂಟು ಬಿದ್ದಾವ. ಅವರ ಸಂಸಾರದಾಗ ನಾವ್ಯಾಕ ಕೈ ಹಾಕೋದು? ಬಿಟ್ಟುಬಿಡ್ರಿ. ಮದಿವಿ ಆಗದ್ದು ಯಾವ್ದು? ಆರು ಕಿಲೋ ತಾಮ್ರ. ನಾಲ್ಕಕ್ಕೊಂದು ಅಂದ್ರ ಆರಕ್ಕ?"

ಉಮಾದೇವಿಯ ಬಾಯಿಯಿಂದ ಉತ್ತರ ತಾನಾಗಿಯೇ ಬಂತು. "ಒಂದೂವರಿ."

"ಹಾಂ. ನಿಮ್ಮ ಒಂದೂ ಇನ್ನೂರು ಎಲ್ಲಿಂದ ಬಂತೋ ನನಗ ತಿಳೀವಲ್ದು."

ಉಮಾದೇವಿಗೆ ತಿಳಿಯಿತು. ಕುಲುಮೆಯ ಬೆಂಕಿಯೂ ಮಾಡದಷ್ಟು ಅವಳ ಮುಖ ಕೆಂಪಾಯಿತು. ಇಪ್ಪತ್ನಾಲ್ಕು ಕಿಲೋಗೆ ಶೇಕಡಾ ಐದು ಎಂದು ತೆಗೆದಿದ್ದಳು. ಆದರೆ ತವರ ಹಾಕಿದ ಮೇಲೆ ಅದು ಇಪ್ಪತ್ನಾಲ್ಕು ಕಿಲೋ ಆಗಿ ಎಲ್ಲಿ ಉಳಿಯಿತು? ಹಾಕಿದ ತವರವೂ ತೂಕಕ್ಕೆ ಸೇರುತ್ತದೆ. ಒಂದೂ ಇನ್ನೂರು ಹಾಕಿದರೆ ಒಟ್ಟು ಇಪ್ಪತ್ತೈದೂ ಇನ್ನೂರು, ತವರ ನಾಲ್ಕೂ ಎಂಟುನೂರು: ಹತ್ತೊಂಬತ್ತರ ಮೇಲೆ ಒಂದು ಕೂದಲು. ಒಂದೂವರೆ ಹಾಕಿದರೆ ಇಪ್ಪತ್ತೈದೂವರೆ ಕಿಲೋದಲ್ಲಿ ತವರ ಐದು ಕಿಲೋ ನೂರು ಗ್ರಾಂ: ಸರಿಯಾಗಿ ಇಪ್ಪತ್ತು. ಹತ್ತನೆಯ ತರಗತಿಯ ಮಕ್ಕಳು ಪ್ರತಿವರ್ಷ ಮಾಡುವ ತಪ್ಪು ಇದು. ಇದಕ್ಕೆ ಅವಳು ಎರಡು ಅಂಕ ಕತ್ತರಿಸುತ್ತಿದ್ದಳು. ಹೋದವಾರವಷ್ಟೇ ಒಬ್ಬಳನ್ನು ನಿಲ್ಲಿಸಿ, ತಲೆ ಎಲ್ಲಿಟ್ಟಿದ್ದೀ ಎಂದು ಕೇಳಿದ್ದಳು.

"ಹಾಕ್ರಿ," ಎಂದಳು ಮೆಲ್ಲಗೆ.

ಅವನಿಗೆ ಕೇಳಿಸಲಿಲ್ಲ. ಆದರೆ ಅಷ್ಟರಲ್ಲಿ ಹಾಕಿಯಾಗಿತ್ತು. ಎರಡನೆಯ ಬಿಲ್ಲೆ ಅವನು ಮಾಡಲಿಲ್ಲ. ನೇರ ಅಚ್ಚಿಗೆ ಎರೆದ.

ಮೂರನೆಯ ದಿನ ಅಚ್ಚು ಒಡೆಯುವುದಿತ್ತು. ಉಮಾದೇವಿ ರಜೆ ಹಾಕಿ ಬಂದಳು. ಬಿಸ್ಮಿಲ್ಲಾ ಬೀ ಮಾನ್ವಿಯ ಮೊದಲ ಬಸ್ಸಿಗೆ ಬಂದಿಳಿದಳು, ಮೊಮ್ಮಗಳು ಹುಟ್ಟಿದ ಸಂತೋಷವನ್ನೂ ತವರದ ಕಡ್ಡಿಯ ಸಿಟ್ಟನ್ನೂ ಒಂದೇ ಚೀಲದಲ್ಲಿ ಹೊತ್ತುಕೊಂಡು. ಹಫೀಜ್ ಫೋನಿನಲ್ಲಿ ಚಾಡಿ ಹೇಳಿದ್ದ.

"ಏನ್ ದನಿ ಅಂತೀ ಕೂಸಿಂದು! ನಿನ್ನ ಗಂಟಿ ಏನೂ ಅಲ್ಲ ಅದರ ಮುಂದ," ಎಂದಳು ಗಂಡನ ಎದುರಿಗೆ ನಿಂತು.

ಆ ದನಿ ತನಗೆ ಕೇಳಿಸುವ ಜಾತಿಯದಲ್ಲ ಎಂದು ಬಂದೇನವಾಜ್‌ನಿಗೆ ಗೊತ್ತಿತ್ತು. "ಯಾರ ಹಂಗ ಅದಾಳ?" ಎಂದಷ್ಟೇ ಕೇಳಿದ.

"ಮಾತಾಡಿದ್ರ ಕೇಳಂಗಿಲ್ಲ. ನಿನ್ನ ಹಂಗ."

ಮಣ್ಣು ಒಡೆದು, ಉಜ್ಜಿ ತಿಕ್ಕಿ, ಗಂಟೆಯನ್ನು ಹಗ್ಗಕ್ಕೆ ಏರಿಸುವಾಗ ಓಣಿಯ ಏಳೆಂಟು ಜನ ಸೇರಿದ್ದರು. ಗೋಪಮ್ಮ ಬುಟ್ಟಿಯ ಸಮೇತ ಬಂದಿದ್ದಳು. ಬಂದೇನವಾಜ್ ಉ‍ಡಿದಾರದಲ್ಲಿದ್ದ ಕೀಲಿ ಬಿಚ್ಚಿ, ಎಲ್ಲರಿಗೂ ಕಾಣುವಂತೆ ಲೋಹ ಬಡಿಯುವ ಅಡಿಗಲ್ಲಿನ ಮೇಲಿಟ್ಟ. ಕೊಡತಿ ಎತ್ತಿ ಹೊಡೆದ.

ಅವನಿಗೆ ಏಟು ಕೈಗೆ ಬಂತು. ನಂತರ ಅವನು ಸದ್ದನ್ನು ನೋಡತೊಡಗಿದ. ಗೋಪಮ್ಮನ ಕೋಳಿಗಳು ಚೆಲ್ಲಾಪಿಲ್ಲಿ ಓಡಿದವು. ಚಹಾದಂಗಡಿಯವನು ಸೋಸುವುದನ್ನು ನಿಲ್ಲಿಸಿದ. ಉಮಾದೇವಿಯ ಕಣ್ಣುಗಳು ಏನನ್ನೋ ಹಿಂಬಾಲಿಸುತ್ತ ಓಣಿಯ ಕೊನೆಯವರೆಗೆ ಹೋಗಿ, ಅಲ್ಲಿಯೇ ನಿಂತವು. ಅವನು ಅಂಗೈಯನ್ನು ಗಂಟೆಯ ಅಂಚಿಗೆ ತಾಗಿಸಿದ. ಒಳಗೆ ಜೇನು ಕೂತ ಹಾಗೆ ಅದು ಇನ್ನೂ ಗುನುಗುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಬಿಸ್ಮಿಲ್ಲಾ ಬೀ ಐದು ಬೆರಳು ಎತ್ತಿದ್ದಳು. ಸಾಲದೆಂದು ಇನ್ನೊಂದು ಕೈಯನ್ನೂ ಎತ್ತಿದಳು. ಚಾಚಾ ಎಲ್ಲಿ ನೋಡುತ್ತಿದ್ದಾನೆಂದು ಹಫೀಜ್ ತಿರುಗಿ ನೋಡಿದ.

"ಚಾಚಿ, ಇದೇನು? ಹತ್ತು ಕಟ್ಟು ಮೆಂತೇ ಬೇಕೇನು?"

ಬಿಸ್ಮಿಲ್ಲಾ ಬೀಯ ಕೈಗಳು ಇಳಿದವು. ಹಫೀಜ್ ಅವಳನ್ನು ನೋಡಿದ, ಚಾಚಾನನ್ನು ನೋಡಿದ, ಗೋಪಮ್ಮನ ಕೋಳಿಗಳ ಗಂಟೆಯನ್ನೂ ನೋಡಿದ. ಎರಡು ವರ್ಷದ ಸಂಗತಿಗಳು ಅವನ ಮುಖದಲ್ಲಿ ಒಂದೊಂದಾಗಿ ಕೂಡಿಕೊಂಡವು.

"ಅಂದ್ರ ಈ ಗಂಟಿ ನೀ ಕೇಳಿ ಮಾಡಿದ್ದಲ್ಲ," ಎಂದ ನಿಧಾನಕ್ಕೆ, ಚಾಚಾನ ಮುಖಕ್ಕೆ ಮುಖ ಕೊಟ್ಟು. "ಮೇಡಂ ಅವರ ಲೆಕ್ಕ ಮಾಡಿದ್ದು ಇದು."

"ನನ್ನ ಲೆಕ್ಕ ತಪ್ಪಿತ್ತು," ಎಂದಳು ಉಮಾದೇವಿ. ಎಲ್ಲರೂ ಅವಳ ಕಡೆ ತಿರುಗಿದರು. ಒಮ್ಮೆ ಗಂಟಲು ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ ಮತ್ತೆ ಹೇಳಿದಳು. "ಮುನ್ನೂರು ಗ್ರಾಂ ಕಮ್ಮಿ ಹೇಳಿದ್ದೆ. ನನ್ನ ಮಾತು ಕೇಳಿದ್ರ ಹತ್ತೊಂಬತ್ತಕ್ಕ ನಿಂತಿರ್ತಿತ್ತು. ಸರಿ ಮಾಡಿದವ್ರು ಇವ್ರು. ನೀವೂ ಆವಾಗ ಚಲೋ ಅದ ಎರಿ ಅಂದವ್ರ ಅಲ್ಲೇನ್ರೀ?"

ಹಫೀಜ್ ಅಂಗಿಯ ಗುಂಡಿ ಮುಟ್ಟಿಕೊಂಡ. ಗಣಿತದ ಮೇಡಂ ತಪ್ಪೊಪ್ಪಿಕೊಂಡಿದ್ದನ್ನು ಆ ಓಣಿ ಹಿಂದೆ ಕಂಡಿರಲಿಲ್ಲ. ಬಂದೇನವಾಜ್ ಅವಳ ತುಟಿಗಳನ್ನು ಕೊನೆಯವರೆಗೂ ನೋಡಿದ. ಎದ್ದು ಹೋಗುವ ಹೊತ್ತು ಅದು. ಅವನ ಒಂದು ಕಾಲು ಹೊಸಿಲ ಕಡೆ ತಿರುಗಿಯೂ ಇತ್ತು. ಆದರೆ ಹೋಗಲಿಲ್ಲ.

"ನನಗ ಕೇಳ್ಸಂಗಿಲ್ಲ," ಎಂದ. "ಎರಡು ವರ್ಷ ಆತು. ಗಂಟಿ ಸದ್ದು ಪೂರಾ ಇಲ್ಲ."

ಚಹಾದಂಗಡಿಯವನ ಹಾಲು ಉಕ್ಕಿ ಒಲೆಗೆ ಬಿತ್ತು.

"ಕಿವಿ ಇಲ್ದ ಗಂಟಿ ಮಾಡ್ತೀಯಾ ಚಾಚಾ?" ಹಫೀಜ್‌ನ ದನಿಯಲ್ಲಿ ತಮಾಷೆ ಇರಲಿಲ್ಲ.

"ನಿಮ್ಮ ಚಾಚಿ ರಮಜಾನ್‌ದಾಗ ರೋಜಾ ಇದ್ದು ಅಡಿಗಿ ಮಾಡ್ತಾಳ. ನಾಲಿಗಿಗೆ ಒಂದು ಹನಿ ಮುಟ್ಸಂಗಿಲ್ಲ. ಎಂದಾದ್ರೂ ಉಪ್ಪು ತಪ್ಪೇದೇನು? ರುಚಿ ನೋಡ್ಕೊಂತ ಮಾಡ್ತಾಳಲ್ಲ, ಬಾಕಿ ಹನ್ನೊಂದು ತಿಂಗಳು, ಆವಾಗ ತಪ್ತದ."

"ಏನಂದೀ?" ಎಂದಳು ಬಿಸ್ಮಿಲ್ಲಾ ಬೀ.

ಜನ ನಕ್ಕರು. ಹಫೀಜ್‌ನೂ ನಗು ತಡೆಯಲಾರದೆ ಅಡಿಗಲ್ಲಿನ ಮೇಲಿದ್ದ ಕೀಲಿ ಎತ್ತಿಕೊಂಡು ಕೈಯಲ್ಲಿ ತೂಗಿ ನೋಡಿದ. "ಗುಜರಿ ಬಂದ್ರ ಏನ್ ಮಾಡ್ತಿ? ಅದರ ಬೆನ್ನಿಗೆ ಅಜ್ಜನ ಚುಕ್ಕಿ ಇರಂಗಿಲ್ಲ."

"ಗುರ್ತಿಲ್ಲದ್ದು ತಗೊಳ್ಳಂಗಿಲ್ಲ. ತಾಮ್ರ ತಾಮ್ರ ಅಂತ ತರ್ಲಿ, ಕಂಚು ಕಂಚು ಅಂತ ತರ್ಲಿ, ತೂಗಿ ಎರಿತೀನಿ. ಇನ್ನ ಒಂದೊಂದು ಸಲ ಕೇಳೋದು ಬಿತ್ತಂದ್ರ ನಿನ್ನ ಕಿವಿ ತಗೊಂಡು ಬಾ. ಹೆಂಗೂ ಅಂಗಡ್ಯಾಗ ಖಾಲಿ ಕುಂತಿರ್ತಾವ. ಮೊದ್ಲು ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ಫರಕ್ ಕಲಿ."

ಹಫೀಜ್ ಕೀಲಿಯನ್ನು ಬಿಸ್ಮಿಲ್ಲಾ ಬೀಯ ಕಡೆ ಎಸೆದ. ಅವಳು ಅದನ್ನು ಹಿಡಿದು, ಅಕ್ಕಿಯ ಡಬ್ಬಿಯಲ್ಲಿ ಇನ್ನುಮುಂದೆ ಏನನ್ನೂ ಇಡುವಂತಿಲ್ಲವಲ್ಲ ಎಂದು ಗೊಣಗುತ್ತ ಒಳಗೆ ಹೋದಳು.

ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದರು, ಇಲ್ಲದಿದ್ದರೆ ಬಸ್ಸಿನವರು ಪ್ರತಿ ಏಟಿಗೂ ಸ್ಟಾಪ್ ಎಂದುಕೊಂಡು ನಿಲ್ಲಿಸಿಯಾರು. ಒಂದು ಬಿದಿರ ಬೊಂಬಿಗೆ ಅದನ್ನು ತೂಗುಹಾಕಿ ಮುಂದೆ ಹಫೀಜ್, ಹಿಂದೆ ಬಂದೇನವಾಜ್ ಹೆಗಲು ಕೊಟ್ಟರು. ಓಣಿಯ ತುದಿಯಲ್ಲಿ ಆಟೋ ನಿಂತಿತ್ತು. ಉಮಾದೇವಿ ಬಂದೇನವಾಜ್‌ನ ಎದುರಿಗೆ ಬಂದು, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು.

"ಸಾಲಿಗೆ ಬರ್ತೀರೇನ್ರೀ? ಗಂಟಿ ಕಟ್ಟೋ ದಿನ? ಆ ಮದಿವಿ ಲೆಕ್ಕ ನಮ್ಮ ಮಕ್ಕಳಿಗೆ ನೀವ ಹೇಳ್ಬೇಕು."

"ನಾನಾ? ಸಾಲಿ ಮುಖಾನ ನೋಡಿಲ್ಲ, ಹತ್ತನೇತ್ತ ಮಕ್ಕಳಿಗೆ ಏನ್ ಹೇಳ್ಲಿ?" ಎಂದ ಅವನು. ಹಫೀಜ್ ಮುಂದೆ ಹೆಜ್ಜೆ ಹಾಕಿದ. ಬೊಂಬು ಎಳೆಯಿತು, ಗಂಟೆ ತೂಗಿತು, ಬಂದೇನವಾಜ್‌ನೂ ನಡೆಯತೊಡಗಿದ, ಹಿಂದೆ ತಿರುಗದೆ, ಅಷ್ಟೇ ಗಟ್ಟಿಯಾಗಿ ಹೇಳುತ್ತ: "ಬರ್ತೀನಿ ತಗೋರಿ. ಅವ್ರಿಗೆ ನೀವ ಮೊದ್ಲು ಹೇಳಿ ಇಡ್ರಿ, ಶೇಕಡಾ ಅಂದ್ರ ಅಂಜಬ್ಯಾಡ್ರಿ, ಅದು ನೂರು ಮಂದಿ ಊಟಕ್ಕ ಕುಂತಂಗ, ಯಾರ ಮಂದಿ ಎಷ್ಟು ಅಂತ ಎಣಿಸಿದ್ರ ಆತು, ಆದ್ರ ನಡುವ ಯಾರರ ಹೊಸಬ್ರು ಬಂದು ಕುಂತ್ರಂದ್ರ ಅವ್ರನ್ನೂ ಎಣಿಸ್ಬೇಕು, ಇಲ್ಲಂದ್ರ…"